ನಾಲ್ಕು ಗಂಟೆಗೆ ಖಾಲಿಯಾಗುವ ಪುಟ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲ. ಒಂದೇ ಕೆಲಸವನ್ನು ಮೂರನೆಯ ಸಲ ಮಾಡಬೇಕಾಗಿ ಬಂದರೆ ಮೈಯೆಲ್ಲ ಉರಿಯುತ್ತದೆ. ಬೇರೆ ಕಸುಬಿನಲ್ಲಿ ಇದು ದೊಡ್ಡ ಕೊರತೆಯೇ ಇರಬಹುದು. ಕಂಪ್ಯೂಟರಿನ ಕಸುಬಿನಲ್ಲಿ ಮಾತ್ರ ಇದರಿಂದ ಹೊಟ್ಟೆ ತುಂಬುತ್ತದೆ. ಮಾಡಿದ್ದನ್ನೇ ಮಾಡಲು ಬೇಸರಪಡುವವರೇ ಅದನ್ನು ಯಂತ್ರದ ಕೊರಳಿಗೆ ಕಟ್ಟುವ ದಾರಿ ಹುಡುಕುತ್ತಾರೆ.

ನಾನು ಕಸುಬು ಕಲಿತ ಆಫೀಸು ಬಳ್ಳಾರಿಯಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಕಾರ್ಖಾನೆಯ ಮಹಡಿಯ ಮೇಲಿತ್ತು. ಕಾರ್ಖಾನೆ ಎಂದರೆ ಹನ್ನೆರಡು ಹೊಲಿಗೆ ಯಂತ್ರ, ಅಷ್ಟೇ. ಆದರೆ ಹನ್ನೆರಡೂ ಒಟ್ಟಿಗೆ ಓಡಿದರೆ ನಮ್ಮ ಮೇಜಿನ ಮೇಲಿನ ಚಹಾದ ಲೋಟ ತಾನಾಗಿಯೇ ಅಂಚಿಗೆ ಸರಿಯುತ್ತಿತ್ತು. ಮೇಲೆ ಇದ್ದವರು ನಾವಿಬ್ಬರೇ. ಒಬ್ಬರು ಆಫೀಸಿನ ಯಜಮಾನರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಇನ್ನೊಬ್ಬಳು ನಾನು. ಸುತ್ತಲಿನ ಶಾಲೆ, ಆಸ್ಪತ್ರೆ, ಅಕ್ಕಿ ಗಿರಣಿ, ಬೀಜದ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ನಮ್ಮ ಕೆಲಸ. ಸಿರುಗುಪ್ಪದ ಗಿರಣಿಯವರೇ ನಮಗೆ ಹೆಚ್ಚಿನ ಗಿರಾಕಿಗಳು. ಸಿರುಗುಪ್ಪ ನನ್ನ ಊರು, ಹಾಗಾಗಿ ಅವರನ್ನು ಒಪ್ಪಿಸುವ ಹೊಣೆ ನನ್ನ ಮೇಲೇ ಬೀಳುತ್ತಿತ್ತು.

ಆಗ ಒಂದು ಪುಟ ಬದಲಾಯಿಸಬೇಕೆಂದರೆ ನಾಲ್ಕು ಹೆಜ್ಜೆ. ಅಣ್ಣ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರು. ಅದನ್ನು ಎಲ್ಲ ಫೋನಿನಲ್ಲೂ ಕಾಣುವ ಅಕ್ಷರಕ್ಕೆ ತಿರುಗಿಸಬೇಕು, ಪುಟದ ಚೌಕಟ್ಟಿನಲ್ಲಿ ಕೂರಿಸಬೇಕು, ಎಲ್ಲಾದರೂ ಮುರಿದಿದೆಯೇ ನೋಡಬೇಕು, ಕೊನೆಗೆ ನೆಟ್ಟಿಗೆ ಏರಿಸಬೇಕು. ಅಣ್ಣ ಬರೆದು ಉಳಿಸಿದ ಕೂಡಲೇ ಎರಡೂ ಕೈ ಮೇಲೆತ್ತಿ "ಅಯ್‌ಪೋಯಿಂದಿ!" ಎಂದು ಕೂಗುತ್ತಿದ್ದರು. ಮುಗಿಯಿತು ಎನ್ನುವುದನ್ನು ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ, ಮುಗಿಯುವುದೇನಿದ್ದರೂ ತೆಲುಗಿನಲ್ಲೇ ಮುಗಿಯಬೇಕು. ಕೂಗು ಕೇಳಿದ ಮೇಲೆ ನಾನು ನಾಲ್ಕು ಆಜ್ಞೆಗಳನ್ನು ಒಂದರ ಹಿಂದೆ ಒಂದು ಒತ್ತಬೇಕು. ಒತ್ತಿ ಮುಗಿಸುವ ಹೊತ್ತಿಗೆ ಅವರಿಗೆ ಒಂದು ಕೊಂಬು ಬಿಟ್ಟುಹೋದದ್ದು ಕಾಣುತ್ತಿತ್ತು. ತಿದ್ದುತ್ತಿದ್ದರು, ಉಳಿಸುತ್ತಿದ್ದರು, ಮತ್ತೆ ಕೂಗು, ಮತ್ತೆ ನಾಲ್ಕು ಆಜ್ಞೆ. ದಿನಕ್ಕೆ ನೂರು ಸಲವಾದರೂ ಆಗುತ್ತಿತ್ತು ಎಂದು ನನ್ನ ಬೆರಳುಗಳ ಲೆಕ್ಕ.

"ನಾನೇನು ಮನುಷ್ಯಳೋ ಗುಂಡಿಯೋ?" ಎಂದು ಒಂದು ದಿನ ಸಿಡಿದೆ.

"ಗುಂಡಿ ಇಷ್ಟ್ ಮಾತಾಡಂಗಿಲ್ಲವ್ವ," ಎಂದರು ಅಣ್ಣ, ತಲೆ ಎತ್ತದೆ.

ಆ ವಾರವೇ ಕುಳಿತು ಒಂದು ಸಣ್ಣ ಪ್ರೋಗ್ರಾಮು ಬರೆದೆ. ಅದರ ಕೆಲಸ ಇಷ್ಟೇ: ಒಂದು ಫೋಲ್ಡರಿನ ಮುಂದೆ ಕೂತು ಅದರೊಳಗಿನ ಫೈಲುಗಳನ್ನು ನೋಡುತ್ತಿರುವುದು. ಯಾವುದಾದರೂ ಫೈಲು ಬದಲಾದರೆ ಸಾಕು, ಯಾರೂ ಹೇಳದೆ ಆ ನಾಲ್ಕು ಹೆಜ್ಜೆಗಳನ್ನು ತಾನೇ ನಡೆದುಬಿಡುವುದು. ಬದಲಾಗದಿದ್ದರೆ ಸುಮ್ಮನೆ ಕೂತಿರುವುದು. ಅಣ್ಣ ಅದಕ್ಕೆ ವಾಚ್‌ಮನ್ ಎಂದು ಹೆಸರಿಟ್ಟರು. ಈಗ ಇಂಥ ಸೌಲಭ್ಯ ಪ್ರತಿಯೊಂದು ಸಾಮಾನಿನ ಜೊತೆಗೂ ಪುಕ್ಕಟೆ ಬರುತ್ತದೆ, ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ನನಗೆ ಮಾತ್ರ ಅದು ಮೊದಲ ಸಲ ತಾನಾಗಿ ಓಡಿದ ಗಳಿಗೆ ಇನ್ನೂ ನೆನಪಿದೆ. ನಾನು ಮೇಜಿನಿಂದ ಎರಡು ಮಾರು ದೂರ ನಿಂತು ಕೈ ಕಟ್ಟಿಕೊಂಡು ನೋಡಿದೆ.

ಮೊದಮೊದಲು ಅದು ಕೊಟ್ಟ ಕಾಟವೂ ಕಡಿಮೆಯಲ್ಲ. ತಯಾರಾದ ಪುಟವನ್ನು ಅದೇ ಫೋಲ್ಡರಿನಲ್ಲಿ ಇಡುವಂತೆ ಬರೆದುಬಿಟ್ಟಿದ್ದೆ. ವಾಚ್‌ಮನ್ ತಾನು ಇಟ್ಟ ಪುಟವನ್ನೇ ನೋಡಿ "ಅಯ್ಯೋ, ಏನೋ ಬದಲಾಯಿತು" ಎಂದು ಮತ್ತೆ ಪುಟ ಕಟ್ಟಿತು, ಅದನ್ನು ನೋಡಿ ಮತ್ತೆ ಕಟ್ಟಿತು. ತನ್ನ ನೆರಳು ನೋಡಿ ತಾನೇ ಬೊಗಳುವ ನಾಯಿಯ ಹಾಗೆ. ಕಂಪ್ಯೂಟರಿನ ಫ್ಯಾನು ಕೆಳಗಿನ ಹೊಲಿಗೆ ಯಂತ್ರಗಳನ್ನೂ ಮೀರಿ ಕಿರುಚತೊಡಗಿದ ಮೇಲೆ ನನ್ನ ಪೆದ್ದುತನ ತಿಳಿಯಿತು. ಕಟ್ಟಿದ್ದನ್ನು ಬೇರೆ ಕಡೆ ಇಡಿಸಿದೆ.

ಇನ್ನೊಂದು ಕಾಟ ಅಣ್ಣನದೇ. ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ ಅವರಿಗೆ ಎರಡು ಪದಕ್ಕೊಮ್ಮೆ ಉಳಿಸುವ ಅಭ್ಯಾಸ. ಬೆರಳಿಗೆ ಅದು ಕಣ್ಣೆವೆ ಬಡಿದಷ್ಟು ಸಹಜವಾಗಿತ್ತು. ಸಿರುಗುಪ್ಪದ ಒಂದು ಗಿರಣಿಯ ಪುಟದಲ್ಲಿ ಅವರು "ನಮ್ಮ ಅಕ್ಕಿಯಲ್ಲಿ ಕಲ್ಲು, ನುಚ್ಚು" ಎಂದು ಬರೆದು ಉಳಿಸಿದರು. ಮುಂದಿನದು "ಇರುವುದಿಲ್ಲ" ಎಂದು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೊನೆಯುಸಿರೆಳೆಯುವ ಮೊದಲು ನಿಷ್ಠಾವಂತ ವಾಚ್‌ಮನ್ ಅಷ್ಟನ್ನೇ ಲೋಕಕ್ಕೆಲ್ಲ ಏರಿಸಿಬಿಟ್ಟಿತ್ತು. ಒಂದೂವರೆ ತಾಸು ಆ ಅರ್ಧ ಮಾತು ಹಾಗೇ ನಿಂತಿತು.

ಗಿರಣಿಯ ಯಜಮಾನರು ಫೋನ್ ಮಾಡಿದ್ದು ನನಗೆ. "ಏನವ್ವ, ನಮ್ಮೂರ ಮಗಳಾಗಿ ಹಿಂಗ ಮಾಡೋದೇನು? ನಮ್ಮ ಅಕ್ಕಿಯಾಗ ಕಲ್ಲು ಅದಾವಂತ ನಾವ ಡಂಗುರ ಹೊಡಿಸಿದಂಗ ಆತಲ್ಲ!"

ಆಮೇಲೆ ವಾಚ್‌ಮನ್‌ಗೆ ತಾಳ್ಮೆ ಕಲಿಸಿದೆ. ಫೈಲು ಬದಲಾದ ಕೂಡಲೇ ಓಡಬೇಡ, ಐದು ನಿಮಿಷ ಕಾದು ನೋಡು, ಮತ್ತೆ ಬದಲಾಗದಿದ್ದರೆ ಮಾತ್ರ ಹೊರಡು ಎಂದು. ನನಗಿಲ್ಲದ ತಾಳ್ಮೆಯನ್ನು ಅದಕ್ಕೆ ಕೊಟ್ಟೆ ಎಂದು ಅಣ್ಣ ನಗಾಡಿದರು. ನಿಜ ಹೇಳುತ್ತೇನೆ, ಅದು ಸರಿಯಾಗಿ ನಡೆಯತೊಡಗಿದ ಮೇಲೆ ಆಫೀಸು ಬಿಕೋ ಎನ್ನುತ್ತಿತ್ತು. ಅಣ್ಣ ಕೂಗುವುದನ್ನು ನಿಲ್ಲಿಸಿದರು, ಕೂಗಬೇಕಾದ ಕಾರಣವೇ ಉಳಿದಿರಲಿಲ್ಲ. ಒಂದೊಂದು ಮಧ್ಯಾಹ್ನ ಇಬ್ಬರೂ ಒಂದು ಮಾತೂ ಆಡದೆ ಕಳೆದದ್ದುಂಟು. ಆ ಹಾಳು ಕೂಗು ಕೇಳಿ ಸಿಡಿಮಿಡಿಗೊಳ್ಳುತ್ತಿದ್ದ ದಿನಗಳೇ ಚೆನ್ನಾಗಿದ್ದವು ಎಂದು ಈಗಲೂ ಅನಿಸುತ್ತದೆ.

ಈ ಹೊತ್ತಿಗೇ ನನ್ನ ಗಣಿತದ ಟೀಚರು ಮತ್ತೆ ಸಿಕ್ಕರು. ಸಿರುಗುಪ್ಪದಲ್ಲಿ ನಾನು ಹೈಸ್ಕೂಲು ಓದುವಾಗ ಪಾಠ ಹೇಳಿದವರು. ಮದುವೆಯಾಗಲಿಲ್ಲ, ನಿವೃತ್ತಿಯಾದ ಮೇಲೆ ಕುರುಗೋಡಿನ ತಮ್ಮ ತಂದೆಯ ಕಾಲದ ಮನೆಯಲ್ಲಿದ್ದರು. ಬೆಳಗಿನ ಮಡಿ, ಪೂಜೆ ಮುಗಿದ ಮೇಲೆ ಮುಟ್ಟುವ ಮೊದಲ ವಸ್ತು ಸೀಮೆಸುಣ್ಣ. ನಾನು ಯಾವುದೋ ಶಾಲೆಯ ಪುಟದ ಕೆಲಸಕ್ಕೆ ಕುರುಗೋಡಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನಿಂದ ದನಿ ಬಂತು.

"ಲೇ, ನೀನು ಹದಿಮೂರರ ಮಗ್ಗಿ ತಪ್ಪುತಿದ್ದಾಕಿ ಅಲ್ಲೇನು?"

ನಲವತ್ತರ ಹತ್ತಿರದ ಹೆಂಗಸು ನಾನು, ಆ ದನಿಗೆ ಹೆಗಲ ಮೇಲಿನ ಚೀಲ ಕೆಳಗಿಟ್ಟು ನೆಟ್ಟಗೆ ನಿಂತೆ.

ಅವರ ಮನೆಯ ಪಡಸಾಲೆಯ ಗೋಡೆಗೆ ಒಂದು ಕಪ್ಪು ಹಲಗೆ. ಅದರ ಮುಂದೆ ದಿನಾ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ. ಪಕ್ಕದ ಬಾದನಹಟ್ಟಿಯವಳು, ಮೂವತ್ತು ದಾಟಿದವಳು, ಎರಡು ಮಕ್ಕಳ ತಾಯಿ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹತ್ತನೇ ತರಗತಿಯಲ್ಲಿ ಗಣಿತ ಒಂದರಲ್ಲಿ ನಪಾಸಾಗಿ ಓದು ಬಿಟ್ಟವಳು. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗುವುದಿತ್ತು, ಅದಕ್ಕೆ ಹತ್ತನೇ ಪಾಸಾಗಿರಬೇಕು. ಪರೀಕ್ಷೆಗೆ ಮೂರು ತಿಂಗಳು ಉಳಿದಿತ್ತು. ಈ ಸಲ ತಪ್ಪಿದರೆ ಆ ಜಾಗ ಇನ್ನೊಬ್ಬರ ಪಾಲಾಗುತ್ತದೆ, ಮುಂದೆ ಅದು ಖಾಲಿಯಾಗುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಟೀಚರು ಇದನ್ನೆಲ್ಲ ಅವಳ ಎದುರಿಗೇ ಹೇಳಿದರು. ಅವಳು ತಲೆ ತಗ್ಗಿಸಿ ಲೆಕ್ಕ ಮಾಡುತ್ತಲೇ ಇದ್ದಳು.

ಆದರೆ ಟೀಚರ ಮೊಣಕಾಲು ಕೈಕೊಟ್ಟಿತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಮೂರು ತಿಂಗಳು ಬಸ್ಸು ಹತ್ತಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಬಳ್ಳಾರಿಯಲ್ಲೇ ತಂಗಿಯ ಮನೆಯಲ್ಲಿ ಉಳಿದರು. ಬಾದನಹಟ್ಟಿಯಾಕೆಗೆ ಅಡುಗೆ ಕೆಲಸ ಬಿಟ್ಟು ದಿನಾ ಬಳ್ಳಾರಿಗೆ ಬರುವುದು ಆಗದ ಮಾತು. ನೋಡಲು ಹೋದ ನನ್ನ ಹತ್ತಿರ ಟೀಚರು ತಮ್ಮ ಕಾಲಿನ ವಿಷಯ ಎತ್ತಲೇ ಇಲ್ಲ.

"ಆಕಿ ಪಾಠ ನಿಂತ್ ಹೋತಲ್ಲೇ," ಎಂದರು. "ಇನ್ನೂ ಅರ್ಧ ಪುಸ್ತಕ ಐತಿ."

ನನಗೆ ವಾಚ್‌ಮನ್ ನೆನಪಾಯಿತು. ಬಾದನಹಟ್ಟಿಯಾಕೆಯ ಫೋನು ಹಳೆಯದು, ವಿಡಿಯೋ ನಿಂತು ನಿಂತು ಬರುತ್ತದೆ, ಫೋಟೋ ತೆರೆದುಕೊಳ್ಳುವುದರೊಳಗೆ ಒಲೆಯ ಮೇಲಿನ ಸಾರು ಉಕ್ಕುತ್ತದೆ. ಆದರೆ ಬರೀ ಅಕ್ಷರದ ಪುಟ ಚಿಟಿಕೆಯಲ್ಲಿ ತೆರೆಯುತ್ತದೆ. ಟೀಚರಿಗೆ ಟೈಪಿಂಗ್ ಬರುತ್ತಿತ್ತು, ಶಾಲೆಯ ಅರ್ಜಿ ವರದಿಗಳನ್ನೆಲ್ಲ ಅವರೇ ಮಾಡಿದವರು. ಆಫೀಸಿನ ಒಂದು ಹಳೆಯ ಕಂಪ್ಯೂಟರನ್ನು ಅವರ ಮಂಚದ ಪಕ್ಕ ಕೂರಿಸಿದೆ. ಅದರಲ್ಲಿ "ಪಾಠ" ಎಂಬ ಒಂದು ಫೈಲು. ಅದಿರುವ ಫೋಲ್ಡರನ್ನು ನಮ್ಮ ಆಫೀಸಿನ ಯಂತ್ರಕ್ಕೆ ಜೋಡಿಸಿದೆ. ಟೀಚರು ಬರೆದು ಉಳಿಸಿದರೆ ಸಾಕು, ವಾಚ್‌ಮನ್ ಅದನ್ನು ಪುಟ ಮಾಡಿ ಏರಿಸುತ್ತದೆ, ಬಾದನಹಟ್ಟಿಯಲ್ಲಿ ಅದು ಫೋನಿನಲ್ಲಿ ಕಾಣುತ್ತದೆ. "ಇದರಾಗ ಬರೀರಿ, ಉಳ್ಸಿರಿ, ಬಾಕಿ ಅದು ನೋಡ್ಕೊಂತೈತಿ," ಎಂದು ಹೇಳಿಕೊಟ್ಟೆ.

"ಅದು ಯಾರು?" ಎಂದರು ಟೀಚರು, ಅನುಮಾನದಿಂದ.

ಪಾಠ ಸುರುವಾಯಿತು. ಅವಳು ಮಾಡಿದ ಲೆಕ್ಕದ ಹಾಳೆಗಳು ಶನಿವಾರ ಶನಿವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಳ್ಳಾರಿಗೆ ಬರುತ್ತಿದ್ದವು. ಹಾಲಿನ ಕ್ಯಾನು, ಔಷಧಿ, ಬೀಗದ ಕೈ ಎಲ್ಲ ಹೋಗುವುದು ಬರುವುದು ಹೀಗೆಯೇ. ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಟೀಚರಿಗೆ ತಲುಪಿಸುತ್ತಿದ್ದೆ. ಮೊದಲ ವಾರ ಆರು ಹಾಳೆ. ಎರಡನೆಯ ವಾರ ಒಂಬತ್ತು. ಅರಿಸಿನದ ಕಲೆಯ ಬೆರಳ ಗುರುತು ಒಂದೊಂದರ ಮೂಲೆಯಲ್ಲೂ ಇರುತ್ತಿತ್ತು. ಟೀಚರು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಒಬ್ಬರೇ ನಗುತ್ತಿದ್ದರು. ಅವರು ನಗುವುದನ್ನು ಶಾಲೆಯಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

ಮೂರನೆಯ ವಾರ ಒಂದು ಸಂಜೆ ಆಫೀಸಿನಲ್ಲಿ ನನ್ನ ಘನಕಾರ್ಯವನ್ನು ಅಣ್ಣನಿಗೆ ತೋರಿಸೋಣವೆಂದು ಆ ಪುಟ ತೆರೆದೆ. ಖಾಲಿ. ಒಂದು ಅಕ್ಷರವೂ ಇಲ್ಲ. ವಾಚ್‌ಮನ್ ತಾನು ಮಾಡಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ, ಅದನ್ನು ತೆಗೆದು ನೋಡಿದೆ. ದಿನಾ ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೈಲು ತುಂಬಿದೆ. ದಿನಾ ನಾಲ್ಕು ಗಂಟೆಗೆ ಸರಿಯಾಗಿ ಖಾಲಿಯಾಗಿದೆ. ಖಾಲಿಯಾದದ್ದೂ ಬದಲಾವಣೆಯೇ ತಾನೇ? ವಾಚ್‌ಮನ್ ಐದು ನಿಮಿಷ ಕಾದು ಖಾಲಿ ಪುಟವನ್ನೇ ಶ್ರದ್ಧೆಯಿಂದ ಏರಿಸಿದೆ. ಎರಡು ವಾರದ ಪಾಠ ಎಲ್ಲೂ ಇಲ್ಲ.

ಆಟೋ ಹಿಡಿದು ಟೀಚರ ಹತ್ತಿರ ಓಡಿದೆ. "ಟೀಚರ್, ದಿನಾ ಎಲ್ಲಾ ಅಳಿಸಿಬಿಡ್ತೀರೇನ್ರಿ?"

"ಅಳಿಸದ ಬಿಡ್ತಾರೇನು?" ಎಂದರು ಅವರು, ನಾನೇನೋ ಕೇಳಬಾರದ್ದನ್ನು ಕೇಳಿದಂತೆ. "ಬೋರ್ಡ್ ಒರಸದ ಕ್ಲಾಸಿನಿಂದ ಹೊರಗ ಕಾಲಿಟ್ಟಾಕಿ ಅಲ್ಲ ನಾನು. ಮುಂದಿನ ಪಿರಿಯಡ್ ಟೀಚರ್ ಬಂದು ನಾ ಬರದದ್ದು ಒರಸಬೇಕೇನು? ಮರ್ಯಾದಿ ಬ್ಯಾಡೇನು?"

"ಇಲ್ಲಿ ಮುಂದಿನ ಪಿರಿಯಡ್ ಯಾರೂ ಬರಂಗಿಲ್ಲ ಟೀಚರ್. ಇದಕ್ಕ ಜಾಗ ಮುಗಿಯಂಗಿಲ್ಲ. ಕೆಳಗ ಕೆಳಗ ಬರ್ಕೊಂತ ಹೋಗ್ರಿ."

"ಜಾಗ ಮುಗಿಯಂಗಿಲ್ಲಂದ್ರ ಕ್ಲಾಸ್ ಹೆಂಗ ಮುಗಿತೈತಿ? ನನ್ನ ಕ್ಲಾಸ್ ನನಗ ಬಿಡು. ನೀನು ಆ ನಿನ್ನ ವಾಚ್‌ಮನ್ನನ್ನ ನೋಡ್ಕೊ."

ಜೀವನವೆಲ್ಲ ಹಾಗೆ ಮಾಡಿದವರು. ಗಂಟೆ ಹೊಡೆಯುವ ಮೊದಲು ಹಲಗೆಯನ್ನು ಮೇಲಿಂದ ಕೆಳಕ್ಕೆ ಅಚ್ಚುಕಟ್ಟಾಗಿ ಒರೆಸಿ, ಕೈಯ ಸುಣ್ಣ ಕೊಡವಿ, ಆಮೇಲೆಯೇ ಬಾಗಿಲು ದಾಟುತ್ತಿದ್ದದ್ದು ನನಗೂ ನೆನಪಿದೆ. ನಾಲ್ಕಕ್ಕೆ ಅವರ ಹಳೆಯ ಕೊನೆಯ ಪಿರಿಯಡ್ ಮುಗಿಯುತ್ತಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರೂ ಅವರು ಕ್ಲಾಸಿನಲ್ಲೇ ಇದ್ದರು.

ನನಗೆ ಅದೆಲ್ಲ ಆಗ ಹೊಳೆಯಲಿಲ್ಲ. ಸಿಟ್ಟು ಬಂದಿತ್ತು. ಇಷ್ಟು ಕಷ್ಟಪಟ್ಟು ಬರೆದದ್ದು ಗಾಳಿಗೆ ಹೋಗುತ್ತಿದೆ, ಹೇಳಿದರೆ ಕೇಳುವುದಿಲ್ಲ, ಈ ಹಟಕ್ಕೆ ಆ ಬಡ ಹೆಂಗಸಿನ ಪರೀಕ್ಷೆ ಬಲಿಯಾಗಬೇಕೇ? ಆಫೀಸಿಗೆ ವಾಪಸು ಬಂದು ವಾಚ್‌ಮನ್‌ಗೆ ಆರು ಸಾಲು ಸೇರಿಸಿದೆ. ಫೈಲು ಖಾಲಿಯಾದರೆ ಕಂಡೂ ಕಾಣದಂತಿರು, ಹೊಸ ಪಾಠ ಬಂದರೆ ಹಳೆಯದರ ಕೆಳಗೆ ಸೇರಿಸುತ್ತಾ ಹೋಗು. ಟೀಚರಿಗೆ ಹೇಳಲಿಲ್ಲ. ಅವರು ನೋಡುತ್ತಿದ್ದುದು ತಮ್ಮ ಫೈಲನ್ನು ಮಾತ್ರ, ಅದು ಒರೆಸಿದ ಹಾಗೆಯೇ ಇರುತ್ತಿತ್ತು. ಬಾದನಹಟ್ಟಿಯಾಕೆಗೂ ಹೇಳಲಿಲ್ಲ, ಹೇಳುವುದೇನಿದೆ, ಒಳ್ಳೆಯದೇ ಆಗುತ್ತದಲ್ಲ ಎಂದುಕೊಂಡೆ. ಆ ಆರು ಸಾಲಿನ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಅವತ್ತು ಅಣ್ಣನಿಗೆ ನಾನೇ ಮಿರ್ಚಿ ಮಂಡಕ್ಕಿ ತರಿಸಿಕೊಟ್ಟೆ.

ಮುಂದಿನ ಶನಿವಾರ ನಾಲ್ಕು ಹಾಳೆ ಬಂದವು. ಅದರ ಮುಂದಿನ ಶನಿವಾರ ಎರಡು. ಮೂರನೆಯ ಶನಿವಾರ ಬಂದದ್ದು ಒಂದೇ, ಅದರಲ್ಲೂ ಅರ್ಧ ಲೆಕ್ಕ. ಟೀಚರು ವರ್ಗ ಸಮೀಕರಣ ಹೇಳಿಕೊಡುತ್ತಿದ್ದ ವಾರಗಳು ಅವು. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ದೊಡ್ಡ ಪ್ರಶ್ನೆ ತಪ್ಪದೆ ಬರುತ್ತದೆ ಎನ್ನುತ್ತಿದ್ದರು. ಕೆಂಪು ಪೆನ್ನು ಕೈಯಲ್ಲಿ ಹಿಡಿದು ಆ ಅರ್ಧ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಆಕಿ ಬಿಡಾಕ ಹತ್ಯಾಳ," ಎಂದರು. "ನಾನು ಎದುರಿಗಿಲ್ಲ ನೋಡು, ಅದಕ್ಕ. ನೀ ಒಮ್ಮೆ ಹೋಗಿ ನೋಡ್ಕೊಂಡು ಬಾ."

ಬಾದನಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡೇ ಹೋದೆ. ಮುದುಕಿ ನೋವು ನುಂಗಿಕೊಂಡು ಪಾಠ ಬರೆಯುತ್ತಾರೆ, ನಾನು ಯಂತ್ರ ಕಟ್ಟಿಕೊಟ್ಟಿದ್ದೇನೆ, ಇವಳಿಗೆ ಬರೆದುಕೊಳ್ಳಲು ಏನು ದಾಡಿ? ಶಾಲೆಯ ಅಡುಗೆ ಮುಗಿದಿತ್ತು. ಅವಳು ದೊಡ್ಡ ಪಾತ್ರೆಗಳನ್ನು ಬೋರಲು ಹಾಕಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು.

"ಟೀಚರ್ ಹೆಂಗ ಅದಾರ್ರಿ ಅಕ್ಕ?" ಎಂಬುದೇ ಅವಳ ಮೊದಲ ಮಾತು.

"ಅವ್ರು ಚೊಲೋ ಅದಾರ. ನಿನ್ನ ನೋಟ್ ಪುಸ್ತಕ ತಗೊಂಡ್ ಬಾ," ಎಂದೆ ಗಡುಸಾಗಿ.

ತಂದಳು. ಮೊದಲ ಎರಡು ವಾರದ ಪುಟಗಳಲ್ಲಿ ಇರುವೆ ನುಸುಳಲೂ ಜಾಗವಿಲ್ಲದಷ್ಟು ಬರೆದಿದ್ದಳು. ಮೂರನೆಯ ವಾರದಿಂದ ನಾಲ್ಕು ಸಾಲು, ಎರಡು ಸಾಲು, ಆಮೇಲೆ ಬಿಳಿ ಹಾಳೆ. ನಾನು ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಅಂದುಬಿಟ್ಟೆ. ಈಗ ಪಾಠ ಎಲ್ಲೂ ಹೋಗುವುದಿಲ್ಲ, ಎಲ್ಲ ಅಲ್ಲೇ ಇರುತ್ತದೆ, ಆದರೂ ಇಷ್ಟು ಸೋಮಾರಿತನವೇ ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳಿಸಿಕೊಂಡಳು.

"ಅಕ್ಕ, ಮೊದ್ಲಿಗೆ ನಾಕು ಗಂಟೆಗೆ ಅದು ಖಾಲಿ ಆಗ್ತಿತ್ರಿ," ಎಂದಳು ಕೊನೆಗೆ. "ನಾನು ಇಲ್ಲೇ ಕುಂತು ಲಗು ಲಗು ಬರ್ಕೊಂತಿದ್ದೆ. ಬರ್ದು ಮುಗಿದ ಮ್ಯಾಲೂ ಫೋನ್ ನೋಡ್ಕೊಂತ ಕುಂದರ್ತಿದ್ದೆ. ಖಾಲಿ ಆತಂದ್ರ, ಈಗ ಟೀಚರ್ ಎದ್ರು, ಬೋರ್ಡ್ ಒರಸಿದ್ರು ಅಂತ ತಿಳೀತಿತ್ತು. ಅಲ್ಲೀತನ ಅವ್ರೂ ನನ್ನ ಜೊತಿ ಕುಂತಿದ್ರು ಅನ್ನಂಗ."

"ಆಮ್ಯಾಲ?"

"ಆಮ್ಯಾಲ ಒಂದಿನ ಖಾಲಿ ಆಗ್ಲಿಲ್ರಿ. ಮರುದಿನಾನೂ ಆಗ್ಲಿಲ್ಲ. ಟೀಚರ್ ಒರಸದ ಹೋಗಂಗಿಲ್ಲ, ಅವ್ರು ಅಲ್ಲಿಲ್ಲ ಅನ್ಸ್ತು. ಕಾಲು ಜಾಸ್ತಿ ಆಗಿ ಮಲಗ್ಯಾರ, ಮೊದ್ಲ ಬರ್ದಿಟ್ಟದ್ದನ್ನ ನೀವು ದಿನಕ್ಕೊಂದು ಹಾಕಾಕ ಹತ್ತೀರಿ ಅನ್ಕೊಂಡೆ. ಹಂಗಾದ್ರ ಪಠ್ಯಪುಸ್ತಕದಾಗ ಇರೋದ ಇದೂ, ಯಾರ ಮುಂದ ಕುಂತು ಬರೀಲಿ?" ಅವಳ ದನಿ ಒಡೆಯಿತು. "ಫೋನ್ ಮಾಡಿ ಕೇಳಾಕ ಹೆದ್ರಿಕಿ ಬಂತ್ರಿ. ನೋವಿನಾಗ ಇರೋರನ್ನ ನನ್ನ ಪಾಠ ಎಲ್ಲಿ ಅಂತ ಹೆಂಗ ಕೇಳ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಗಿತ್ತು. ಅಳಿಸಿಹೋಗುವುದನ್ನು ಉಳಿಸಿದೆ ಎಂದು ಮಿರ್ಚಿ ತಿಂದವಳು ನಾನು. ಉಳಿಸಿದ್ದು ಅಕ್ಷರಗಳನ್ನು. ಆ ತುದಿಯಲ್ಲಿ ಒಬ್ಬರು ಕೂತಿದ್ದಾರೆ ಎಂಬ ಧೈರ್ಯವನ್ನು ನಾನೇ ಅಳಿಸಿದ್ದೆ.

"ಟೀಚರ್ ದಿನಾ ಒರಸ್ಯಾರ," ಎಂದೆ. "ನಿನಗ ಕಾಣದಂಗ ಮಾಡಿದ್ದು ನಾನು. ಪಾಠ ಹಾಳಾಗ್ತೈತಂತ ತಿಳಿದು ಹಂಗ ಮಾಡಿದೆ. ಟೀಚರಿಗೂ ಗೊತ್ತಿಲ್ಲ."

"ದಿನಾ ಒರಸ್ಯಾರೇನ್ರಿ?"

"ದಿನಾ."

"ನಿನ್ನೇನೂ?"

"ನಿನ್ನೇನೂ ಒರಸ್ಯಾರ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ನಗುತ್ತಿದ್ದಳು. ಹೊರಡುವಾಗ ನಾನು, "ಇದನ್ನ ಟೀಚರಿಗೆ ನಾನ ಹೇಳ್ತೀನಿ, ನೀನು ಹೇಳಬ್ಯಾಡ," ಎಂದೆ. ಅವಳು ತಲೆಯಾಡಿಸಿದಳು.

ಬಳ್ಳಾರಿಗೆ ಬಂದ ಕೂಡಲೇ ಆ ಆರು ಸಾಲನ್ನು ಕಿತ್ತುಹಾಕಿದೆ. ಮರುದಿನ ನಾಲ್ಕು ದಾಟಿ ಐದು ನಿಮಿಷಕ್ಕೆ ಪುಟ ಖಾಲಿಯಾದದ್ದನ್ನು ಆಫೀಸಿನಲ್ಲಿ ಕೂತು ನೋಡಿದೆ. ಶನಿವಾರ ಕಂಡಕ್ಟರ್ ಕೊಟ್ಟ ಕಟ್ಟು ದಪ್ಪಗಿತ್ತು. ಟೀಚರ ಮುಖ ಅರಳಿತು. "ನೀ ಏನಂದಿ ಆಕೀಗೆ?" ಎಂದು ಕೇಳಿದರು. ಹೇಳುವುದಕ್ಕೆ ಅದೇ ಸರಿಯಾದ ಸಮಯ. ಆದರೆ ಬೈದೆ ಎಂದಷ್ಟೇ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಮನೆಗೆ ಹೋಗುವವರೆಗೂ ಚುಚ್ಚುತ್ತಿತ್ತು.

ಕಳೆದುಹೋದ ಮೂರು ವಾರಗಳ ಪಾಠ ನನ್ನ ಯಂತ್ರದಲ್ಲಿ ಉಳಿದಿತ್ತಲ್ಲ, ಅದನ್ನು ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸಿದೆ. ಅವಳು ಓದಿದಳು. ಆದರೆ ಹೊಸ ಪಾಠ ದಿನಾ ಬರುತ್ತಿತ್ತು, ಒಲೆಯೂ ಮಕ್ಕಳೂ ಇದ್ದವು, ಹಳೆಯದಕ್ಕೆ ಸಾಕಷ್ಟು ದಿನ ಸಿಗಲಿಲ್ಲ. ಆ ಭಾಗವನ್ನು ಮತ್ತೊಮ್ಮೆ ಹೇಳಿಕೊಡಿ ಎಂದು ನಾನು ಟೀಚರನ್ನು ಕೇಳಬಹುದಿತ್ತು. ಕೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಎಲ್ಲ ಹೇಳಬೇಕಾಗುತ್ತದೆ. ನಾಳೆ ಕೇಳಿದರಾಯಿತು ಎಂದುಕೊಂಡೇ ಪರೀಕ್ಷೆ ಬಂದುಬಿಟ್ಟಿತು.

ಫಲಿತಾಂಶ ಬಂದ ದಿನ ಅವಳು ಸಿಹಿಯ ಪೊಟ್ಟಣ ಹಿಡಿದು ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಬಂದಳು. ಪಾಸಾಗಿದ್ದಳು. ಬೇಕಾದ್ದಕ್ಕಿಂತ ನಾಲ್ಕೇ ಅಂಕ ಹೆಚ್ಚು, ಆದರೆ ಪಾಸು ಪಾಸೇ. ಸ್ಟ್ಯಾಂಡಿನಿಂದ ನಾನೇ ಅವಳನ್ನು ಟೀಚರ ಹತ್ತಿರ ಕರೆದುಕೊಂಡು ಹೋದೆ. ಟೀಚರು ಆಗ ಕೋಲು ಹಿಡಿದು ನಡೆಯುತ್ತಿದ್ದರು. ಬಾಗಿಲವರೆಗೂ ನಡೆದುಬಂದು, ಕಾಲಿಗೆ ಬಿದ್ದವಳನ್ನು ಎಬ್ಬಿಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸಿಹಿಯನ್ನು ಒಂದು ಚೂರು ಮುರಿದು ಅವಳ ಬಾಯಿಗೇ ಇಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಎಲ್ಲಿ, ಪ್ರಶ್ನಿ ಪತ್ರಿಕಿ ತಂದೀ? ಯಾವ ಲೆಕ್ಕ ಬಿಟ್ಟಿ?"

ಪಾಸಾದ ಮೇಲೂ ಇದನ್ನು ಕೇಳುವವರು ಅವರೊಬ್ಬರೇ ಇರಬೇಕು. ಅವಳು ನಾಲ್ಕು ಮಡಿಕೆ ಮಾಡಿದ ಹಾಳೆ ಬಿಡಿಸಿ, ಬೆರಳಿಟ್ಟು ತೋರಿಸಿದಳು. ವರ್ಗ ಸಮೀಕರಣದ ದೊಡ್ಡ ಲೆಕ್ಕ. ಪೂರ್ತಿ ಬಿಟ್ಟಿದ್ದಳು.

"ಇದನ್ನ ಮೂರು ವಾರ ಹೇಳೀನಲ್ಲ," ಎಂದರು ಟೀಚರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ನಾ ಬರದದ್ದು ತಿಳೀಲಿಲ್ಲೇನು? ಎದುರಿಗಿದ್ದು ಹೇಳಿದಂಗ ಆಗ್ಲಿಲ್ಲ, ಹೌದಲ್ಲೋ?"

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಸಣ್ಣದಕ್ಕೂ ಊರಿಗೆಲ್ಲ ಬೈಯುವ ನಾನು ಸಿಹಿಯ ಪೊಟ್ಟಣದ ದಾರವನ್ನು ನೋಡುತ್ತಾ ಕೂತಿದ್ದೆ.

"ಚೊಲೋ ತಿಳೀತಿತ್ರಿ ಟೀಚರ್," ಎಂದಳು ಅವಳು. "ಆಗ ನನಗ ಜ್ವರ ಬಂದಿತ್ತು. ಬರ್ಕೊಳ್ಳಾಕ ಆಗ್ಲಿಲ್ಲ."

ಟೀಚರು ಅವಳ ತಲೆಯ ಮೇಲೆ ಕೈಯಿಟ್ಟರು. "ಹುಚ್ಚಿ, ಒಂದ್ ಮಾತು ಹೇಳಿ ಕಳಿಸಿದ್ರ ಆಗ್ತಿತ್ತಲ್ಲ. ನಾ ಪಾಠ ನಿಲ್ಲಿಸಿ ಕಾಯ್ತಿದ್ದೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ತಪ್ಪಾತ್ರಿ ಟೀಚರ್," ಎಂದಳು.